ಬೊರಾ ಬಾಯಿ ತೆರೆಯುತ್ತಿಲ್ಲ

ಅಮ್ಮಾ,

ಇವತ್ತು ಮೊಕ್ಪೊ ಪಟ್ಟಣದ ಆಸ್ಪತ್ರೆಯೊಂದರಲ್ಲಿ ನಿನ್ನ ಮೊಮ್ಮಗಳನ್ನು ತೂಕ ಮಾಡಿದರು. ಎಂಟು ವರ್ಷದ ಬೊರಾ ಬರೀ ಹದಿನಾರು ಕಿಲೊ ಇದ್ದಾಳೆ.

ನೀನು ತಿನ್ನಿಸಿದ ಒಂದು ಚಮಚ ಮೊಟ್ಟೆಗೆ ಅವಳ ಗಂಟಲು ಊದಿಕೊಂಡ ದಿನ, "ನನ್ನ ಮಗಳನ್ನ ಸಾಯ್ಸೋಕೆ ಬಂದಿದ್ಯಾ?" ಎಂದು ಕೂಗಿ ನಿನ್ನನ್ನು ಹೊರಗೆ ಕಳಿಸಿದೆನಲ್ಲ, ಆಮೇಲೆ ಹಾಲು, ಮೀನು, ಸೋಯಾ, ಎಳ್ಳೆಣ್ಣೆ ಎಲ್ಲವನ್ನೂ ನಿಲ್ಲಿಸಿಬಿಟ್ಟೆ. ನೀನು ಬಾಗಿಲಲ್ಲಿಟ್ಟು ಹೋಗುತ್ತಿದ್ದ ಕಿಮ್ಚಿ ಉಪ್ಪಿನಕಾಯಿಯ ಡಬ್ಬಿಗಳನ್ನು ತೆರೆಯದೆ ಎಸೆದೆ. ಈಗ ಅವಳು ಬಿಳಿ ಅನ್ನಕ್ಕೂ ಹೆದರುತ್ತಾಳೆ. "ಇದನ್ನ ತಿಂದ್ರೆ ಸಾಯ್ತೀನಾ?" ಎಂದು ಪ್ರತಿ ತುತ್ತಿಗೂ ಕೇಳುತ್ತಾಳೆ.

"ಇವಳಿಗೆ ಆಗದೇ ಇರೋದು ಮೊಟ್ಟೆ ಒಂದೇ ಕಣ್ರೀ," ಎಂದರು ಡಾಕ್ಟರು. "ಮಿಕ್ಕಿದ್ದೆಲ್ಲ ಯಾಕೆ ಬಿಡಿಸಿದ್ರಿ? ಹೀಗೇ ಆದ್ರೆ ಊಟ ಕೊಡೋಕೆ ಮೂಗಲ್ಲಿ ನಳಿಕೆ ಹಾಕ್ಬೇಕಾಗುತ್ತೆ."

ಏನಾದರೂ ಮಾಡಿ ಎಂದು ಅವರ ಕೈ ಹಿಡಿದು ಅತ್ತೆ. ಅವರು ಬೊರಾಳತ್ತ ಬಾಗಿದರು.

"ಪುಟ್ಟಿ, ಯಾರು ಕೊಟ್ರೆ ತಿಂತೀಯಾ?"

"ಅಜ್ಜಿ ಕೊಟ್ರೆ. ಅಜ್ಜಿ ಹೆದರ್ಸಲ್ಲ."

ನೀನು ತೀರಿಕೊಂಡು ಏಳು ತಿಂಗಳಾಯಿತು. ಅವಳಿಗೆ ನಾನಿನ್ನೂ ಹೇಳಿಲ್ಲ.

"ಹಾಗಾದ್ರೆ ನಾಳೆನೇ ಅಜ್ಜೀನ ಕರ್ಕೊಂಡ್ ಬನ್ನಿ," ಎಂದರು ಡಾಕ್ಟರು.

ಬೊರಾ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಆಯಿತು ಎಂದೆ.