ಬಲಗಡೆಯ ಬಾಗಿಲು

ಬಾಡಿಗೆ ಕೋಣೆ,
ಬುಧವಾರ ಸಂಜೆ

ನನ್ನ ಅಕ್ಕನ ಒಬ್ಬಳೇ ಮಗಳಿಗೆ, ಅವಳಿಂದಲೇ ಹೊರಗೆ ಹಾಕಿಸಿಕೊಂಡ ಮಾವನ ಆಶೀರ್ವಾದ.

ಮೊದಲು ಅಕ್ಷರ ನೋಡು ಪುಟ್ಟಿ, ಆಮೇಲೆ ಓದು. ಗೆರೆಯಿಲ್ಲದ ಹಾಳೆ, ಆದರೂ ಒಂದು ಸಾಲಾದರೂ ಸೊಟ್ಟಗಿದೆಯೇ? ನಾಲ್ಕನೇ ಕ್ಲಾಸಿಗೇ ಹಳ್ಳಿ ಶಾಲೆ ಬಿಟ್ಟವನ ಕೈ ಇದು! ಈ ಪೇಟೆಯಲ್ಲಿ ಔಷಧಿ ಅಂಗಡಿಯಿಂದ ವಕೀಲರ ಮನೆಯವರೆಗೆ ಯಾವ ಬೋರ್ಡಿನ ಕೆಳಗೆ ನಿಂತರೂ ನಿನ್ನ ಮಾವನ ಕೈಬರಹದ ಕೆಳಗೇ ನಿಂತ ಹಾಗೆ. ಅಂಥವನನ್ನು ಹಾಲಿನ ಪಾತ್ರೆಯೊಂದು ಸೀದದ್ದಕ್ಕೆ ಹೊರಗೆ ಹಾಕಿದೆ. ಇರಲಿ. ಕುಡಿತ ಬಿಡುವವರ ಸಭೆಗೆ ಹೋಗಿ ಬಂದರೆ ಮಾತ್ರ ಬಾಗಿಲು ತೆಗೆಯುತ್ತೇನೆ ಎಂದೆಯಲ್ಲ, ಹೋಗಿ ಬಂದೆ. ಭಾನುವಾರ ಬೆಳಿಗ್ಗೆ ಟ್ರಂಕಿನ ಸಮೇತ ಬರುತ್ತೇನೆ.

ಆ ಸಭೆ ಹುಡುಕುವುದೇನು ಸುಲಭವೇ? ಔಷಧಿ ಅಂಗಡಿಯವನನ್ನು ಕೇಳಿದೆ, ನನಗಲ್ಲ, ಪರಿಚಯದವರೊಬ್ಬರಿಗೆ ಎಂದು. ಗೊತ್ತಿಲ್ಲ ಎಂದ. ಡಾಕ್ಟರ ಹತ್ತಿರದ ಕಾಂಪೌಂಡರ್ ನನ್ನ ಮುಖ ನೋಡಿ ಕೆಮ್ಮಿನ ಔಷಧಿ ಕೊಟ್ಟ. ಕೊನೆಗೆ ವಿಳಾಸ ಕೊಟ್ಟವನು ಯಾರು ಗೊತ್ತೇ? ಬ್ರಾಂಡಿ ಅಂಗಡಿಯ ಗಲ್ಲಾದ ಮೇಲೆ ಕೂರುವವನು! ಬೀದಿ, ಮೆಟ್ಟಿಲು, ವಾರ, ಹೊತ್ತು ಎಲ್ಲ ಅವನಿಗೆ ಬಾಯಿಪಾಠ. ಅವತ್ತೊಂದು ದಿನ ಮುಟ್ಟದೆ ಹೋಗಬೇಕೆಂದು ಬುದ್ಧಿ ಹೇಳಿದವನೂ ಅವನೇ. "ಹೋಗ್ಬನ್ನಿ ಅಣ್ಣಾ, ಎಲ್ರೂ ಹೋಗ್ತಾರೆ, ಎಲ್ರೂ ವಾಪಸ್ ಬರ್ತಾರೆ" ಎಂದು ನಕ್ಕ. ಅವನ ಬೋರ್ಡೂ ನಾನೇ ಬರೆದದ್ದು.

ಹೋದ ಗುರುವಾರ ಹೋದೆ. ಸೈಕಲ್ ಅಂಗಡಿಯ ಮೇಲೆ, ಮೆಟ್ಟಿಲು ಹತ್ತಿದರೆ ಎಡಕ್ಕೊಂದು, ಬಲಕ್ಕೊಂದು ಬಾಗಿಲು. ಎರಡಕ್ಕೂ ಬೋರ್ಡಿದೆ. ಬಲಗಡೆಯದನ್ನು ಯಾವನೋ ಕೈಲಾಗದವನು ಬರೆದಿದ್ದಾನೆ: ಮೊದಲ ಅಕ್ಷರ ಕುಂಬಳಕಾಯಿಯಷ್ಟು, ಜಾಗ ಸಾಲದೆ ಕೊನೆಯದು ಕಡಲೆಕಾಳಿನಷ್ಟು. ಬಣ್ಣ ಮೂಗಿನ ಸಿಂಬಳದ ಹಾಗೆ ಇಳಿದಿದೆ. ಥೂ, ಇವನ ಕುಂಚ ಮುರಿಯ, ಎಂದು ಬೈದುಕೊಂಡೇ ಒಳಗೆ ಹೋಗಿ ಕುಳಿತೆ. ಅಕ್ಷರ ನೋಡಿದೆನೇ ಹೊರತು ಏನು ಬರೆದಿದೆ ಎಂದು ಓದಲಿಲ್ಲ. ನಮ್ಮ ಕಸುಬಿನವರ ಹಣೆಬರಹ ಅದು.

ಒಳಗೆ ಮುಕ್ಕಾಲು ಪಾಲು ಹೆಂಗಸರು. ಅಬ್ಬಬ್ಬಾ, ಇಷ್ಟೊಂದು ಹೆಂಗಸರು ಕುಡಿಯುತ್ತಾರಲ್ಲ, ನನ್ನದೇನು ಮಹಾ, ಎಂದು ಧೈರ್ಯ ಬಂತು. ಟೈಪಿಸ್ಟ್ ಒಬ್ಬಳು ಮಾತು ಶುರು ಮಾಡಿದಳು. ಮೆಟ್ಟಿಲ ಮೇಲೆ ಗಂಡನ ಚಪ್ಪಲಿಯ ಸದ್ದು ಕೇಳಿದರೆ ಸಾಕಂತೆ, ಅವತ್ತು ಊಟ ಉಂಟೋ ಏಟು ಉಂಟೋ ಎಂದು ಅವಳಿಗೆ ತಿಳಿಯುತ್ತದಂತೆ. ಇನ್ನೊಬ್ಬಳಿಗೆ ಅಕ್ಕಿ ಡಬ್ಬದಲ್ಲಿ ಕೈಯಿಟ್ಟರೆ ಬಾಟಲಿ ಸಿಗುತ್ತದಂತೆ. ಆಗ ನನಗೆ ಹೊಳೆಯಿತು. ಇವರು ಕುಡಿಯುವವರಲ್ಲ, ಕುಡುಕರ ಮನೆಯವರು. ನನ್ನಂಥವರ ಕೋಣೆ ಎಡಗಡೆಯದು.

ಎದ್ದು ಹೋಗಬಹುದಿತ್ತು. ಅಷ್ಟರಲ್ಲಿ ಸರದಿ ನನ್ನದೇ ಬಂತು, ಎಲ್ಲರೂ ಅಯ್ಯೋ ಪಾಪ ಎನ್ನುವ ಹಾಗೆ ನೋಡುತ್ತಿದ್ದಾರೆ. ಕೇಳುವ ಕಿವಿ ಸಿಕ್ಕರೆ ನಿನ್ನ ಮಾವ ಬಿಟ್ಟಾನೆಯೇ? "ನಮ್ಮನೇಲೂ ಒಬ್ಬ ಇದ್ದಾನೆ" ಎಂದೆ. ನೀನು ಬೈಯುತ್ತಿದ್ದದ್ದನ್ನೆಲ್ಲ ನಾನೇ ಪಟ್ಟ ಪಾಡು ಮಾಡಿ ಹೇಳಿದೆ. ವಾಂತಿ ಬಳಿಯುವುದು, ಅಕ್ಕಪಕ್ಕದವರಿಗೆ ಅವನಿಗೆ ಜ್ವರ ಎನ್ನುವುದು, ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡುವುದು. ಟೈಪಿಸ್ಟ್ ಕಣ್ಣೊರೆಸಿಕೊಂಡಳು. ಹಾಲು ಒಲೆಯ ಮೇಲಿಟ್ಟು ಬಿದ್ದುಕೊಂಡ, ಮನೆ ತುಂಬ ಹೊಗೆ ಎಂದಾಗ ಮೂಲೆಯ ಮುದುಕಿಯೊಬ್ಬಳು ತಲೆಯೆತ್ತಿ, "ಹಾಲು ಯಾರಿಗಪ್ಪಾ? ಮನೇಲಿ ಮಗು ಇತ್ತಾ?" ಎಂದು ಕೇಳಿದಳು. ಇಲ್ಲಜ್ಜಿ, ಕಾಫಿಗೆ, ಎಂದೆ.

ಕೊನೆಗೆ ಆ ಮುದುಕಿಯೇ ಬಂದು ನನ್ನ ಕೈ ಹಿಡಿದಳು. "ಕೈ ಹೇಗೆ ನಡುಗ್ತಿದೆ ನೋಡು. ಆ ಪಾಪಿ ನಿನ್ನ ಈ ಗತಿಗೆ ತಂದ. ಅವನನ್ನ ಒಳಗೆ ಸೇರಿಸ್ಬೇಡ ಮಗಾ. ಅತ್ರೂ ಸೇರಿಸ್ಬೇಡ. ನೀನಾದ್ರೂ ಬದುಕು" ಎಂದಳು. ಎಲ್ಲರೂ ಹೌದು ಹೌದು ಎಂದರು. ನನ್ನನ್ನು ಹೊರಗಿಡುವುದಕ್ಕೆ ನಾನೇ ತಲೆಯಾಡಿಸಿ ಬಂದೆ. ಇಂಥ ತಮಾಷೆ ಎಲ್ಲಾದರೂ ಉಂಟೇ! ಟೀ ಮಾತ್ರ ಚೆನ್ನಾಗಿತ್ತು.

ಯಾವ ಬಾಗಿಲಾದರೇನು, ಸಭೆ ಸಭೆಯೇ. ನಾನು ಮಾತು ಉಳಿಸಿಕೊಂಡೆ, ನೀನೂ ಉಳಿಸಿಕೋ. ಭಾನುವಾರ ಚಿಲಕ ತೆಗೆದಿಡು.

ಇಂತಿ,
ಹೆಗಲ ಮೇಲೆ ಹೊತ್ತು ತಿರುಗಿ, ಬೀದಿಯ ಬೋರ್ಡುಗಳಲ್ಲೇ ನಿನಗೆ ಅಕ್ಷರ ಕಲಿಸಿದ
ಮಾವ

ವಿ.ಸೂ.: ಗುರುವಾರ ಬೆಳಿಗ್ಗೆ. ಮೇಲಿನದೆಲ್ಲ ನಿನ್ನೆಯದು. ಈ ಸಾಲುಗಳು ಕೋಳಿ ಕೆದರಿದ ಹಾಗಿವೆ. ಎದ್ದಾಗಿನಿಂದ ಒಂದು ಹನಿಯೂ ಮುಟ್ಟಿಲ್ಲ. ನನ್ನ ಅಕ್ಷರ ನೆಟ್ಟಗಿರುವುದು ಯಾವಾಗ ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಾಲು ಕಾಫಿಗಲ್ಲ. ನಿನ್ನ ಮಗು ಆ ಹೊಗೆಯಲ್ಲೇ ಕೆಮ್ಮುತ್ತಿತ್ತು. ನಿದ್ದೆ ಹತ್ತಿತ್ತು, ಕೇಳಿಸಲಿಲ್ಲ ಎಂದು ನಿನಗೆ ಹೇಳಿದ್ದೆ. ಕೇಳಿಸಿತ್ತು. ಏಳಲಿಲ್ಲ. ಭಾನುವಾರ ಬಂದರೆ ಚಿಲಕ ತೆಗೆಯಬೇಡ. ಇವತ್ತು ಸಂಜೆ ಎಡಗಡೆಯ ಬಾಗಿಲಿಗೆ ಹೋಗುತ್ತೇನೆ ಎಂದು ಬರೆಯಬಹುದು. ಬೋರ್ಡು ಬರೆಯುವುದಕ್ಕೇನು, ಒಳಗೆ ಸರಕಿರಬೇಕಲ್ಲ. ನೀನು ಬಲಗಡೆಯದಕ್ಕೆ ಹೋಗು. ಅಲ್ಲಿ ನಾನು ಕುಳಿತದ್ದು ನಿನ್ನ ಕುರ್ಚಿಯಲ್ಲಿ.