ಆ ಆಟೋ ಅಂದ್ರ ಈ ಆಟೋ ಅಲ್ಲೋ

ಬಸಲಿಂಗ,

ನೀ ಮಲಗಿದ್ದಿ, ಎಬ್ಬಿಸಲಿಲ್ಲ. ನಾ ಏಳರ ಸುರಪುರ ಬಸ್ಸಿಗಿ ಹೊಂಟೇನಿ. ಫ್ಯಾಕ್ಟರಿ ಪಿಂಚಣಿ ಫಾರಮ್ ಕೊಡಾಕ ಇವತ್ತ ಕಡೀ ದಿನ ಅಂದಿದ್ದಿಯಲ್ಲ, ನೀ ತುಂಬಿಟ್ಟಿದ್ದು ನೋಡಿದೆ. ನಗೂದ್ರಾಗ ಚಹಾ ಉಕ್ಕಿ ಹೋತು, ಒಲಿ ಒರಸು.

"ಆಟೋ ಚಾಯ್ಸ್" ಅಂಬೋದನ್ನ ಹೊಡದು ಹಾಕಿ, ಬಾಜೂಕ "ನನಗ ಬೈಕ್ ಅದ, ಆಟೋ ಬ್ಯಾಡ" ಅಂತ ಬರದೀಯಲ್ಲೋ! ಅದು ಸೈದಾಪುರ ಸ್ಟೇಷನ್ ಮುಂದ ನಿಂದ್ರೋ ಆಟೋ ಅಲ್ಲ. ನಿನಗ ವಯಸ್ಸಾದಂಗ ಶೇರಿನ ಪಾಲು ತಾನಾಗೇ ಇಳದು, ಸರ್ಕಾರಿ ಬಾಂಡಿನ ಪಾಲು ಏರ್ತದ. ಅದಕ್ಕ ಆಟೋ.

ಇನ್ನ ರೊಕ್ಕ ಎಲ್ಲಾ ಸರ್ಕಾರಿ ಬಾಂಡಿಗೇ ಹಾಕೀದಿ. ಸರ್ಕಾರಿ ನೌಕರಿ ಸಿಗಲಿಲ್ಲಂತ ಬಾಂಡಿನಾಗ ಆಸಿ ತೀರಿಸ್ಕೊಳ್ಳಾಕತ್ತೀಯೇನು? ಇಪ್ಪತ್ತಾರಕ್ಕೇ ಇಷ್ಟು ಅಂಜಿದ್ರ ಅರವತ್ತಕ್ಕ ಕೈಗಿ ಬರೋ ಗಂಟು ಸಣ್ಣದೇ. ಶೇರು ಏರ್ತದ, ಇಳೀತದ. ತಡಕೊಳ್ಳಾಕ ನಿನಗ ಮೂವತ್ನಾಕು ವರ್ಷ ಅದ.

ಇನ್ನೊಂದು ಖಾಲಿ ಫಾರಮಿನಾಗ ಆಟೋ ಮುಂದ ಪೆನ್ಸಿಲಿಲೆ ಗುರ್ತು ಹಾಕೀನಿ. ಒಪ್ಪಿಗಿ ಇದ್ರ ಪೆನ್ನಿಲೆ ತಿದ್ದಿ, ಉಳದದ್ದೂ ತುಂಬಿ ಸಹಿ ಮಾಡು, ಮಧ್ಯಾಹ್ನ ಪಾಳಿಗಿ ಹೋಗೂಮುಂದ ತಗೊಂಡು ಹೋಗು. ರೊಕ್ಕ ನಿಂದು, ತೀರ್ಮಾನಾನೂ ನಿಂದೇ. ರೊಟ್ಟಿ ಡಬ್ಬಿಯಾಗ ಅವ.

ನಾಮಿನಿ ಜಾಗದಾಗ ನನ್ನ ನೆನಸಿದ್ದು ನೋಡಿ ಕಣ್ಣಾಗ ನೀರು ಬಂತು. ಆದ್ರ ಅಲ್ಲಿ ಬರೇ "ಅಕ್ಕ" ಅಂತ ಬರದ್ರ ಆಫೀಸಿನವರು ಯಾರನ್ನಂತ ಹುಡುಕಬೇಕೋ? ಭಾರತಿ ಅಂತ ಹೆಸರು ಬರಿ.

— ಅಕ್ಕ