ಉಡಿ ತುಂಬದ ಎಪಿಸೋಡ್

ಸೇಡಂ
೧೭ ಆಗಸ್ಟ್ ೨೦೨೫

ಮಗಳು ಪದ್ಮಜಾಳಿಗೆ,

ನೀನು, ರತ್ನದೀಪ, ಕೂಸು ಲುಂಬಿನಿ ಮೂವರೂ ಶಹಾಬಾದಿನಲ್ಲಿ ಕ್ಷೇಮವಾಗಿದ್ದೀರಿ ಎಂದು ನಂಬಿ ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಕಾಗದ. ನಾಲ್ಕು ದಿನದಿಂದ ಬರೆದು ಹರಿದು, ಬರೆದು ಹರಿದು ಸಾಕಾಗಿದೆ. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ.

ಪಕ್ಕದ ಮನೆಯ ತಾಜುನ್ನಿಸಾಳ ಮಗಳು ಮಹೆಕ್ ನನ್ನ ಮೊಬೈಲಿನಲ್ಲಿ 'ಬೆಳ್ಳಿ ಹೊಸ್ತಿಲು' ಎಂಬ ಸೀರಿಯಲ್ ಹಚ್ಚಿಕೊಟ್ಟಿದ್ದಾಳೆ. ಎಪಿಸೋಡ್ ಇಪ್ಪತ್ತು ನಿಮಿಷ, ಅದರ ಕೆಳಗೆ ಜನರ ಜಗಳ ಎರಡು ತಾಸು. ನಿನ್ನೆ ಹಸಿರಿದ್ದ ಬಳೆ ಇವತ್ತು ಕೆಂಪು ಹೇಗಾಯಿತು ಅಂತ ಒಬ್ಬ. ಮೂರು ತಿಂಗಳಿಂದ ಮಾವ ಆಸ್ಪತ್ರೆಯ ಮಂಚ ಬಿಟ್ಟು ಏಳಲಿಲ್ಲ, ಕಥೆ ಎಷ್ಟು ಎಳೀತೀರಿ ಅಂತ ಇನ್ನೊಬ್ಬಳು. ಮಹೆಕ್ ನನ್ನನ್ನೂ ಹುರಿದುಂಬಿಸಿದಳು: "ಅಜ್ಜಿ, ನೀವೂ ಬರೀರಿ. ಮೂವತ್ತು ವರ್ಷ ಸಾಲ್ಯಾಗ ಹುಡುಗರ ತಪ್ಪು ತಿದ್ದೀರಿ, ಇವರ್ದೂ ತಿದ್ರಿ." ಅಲ್ಲಿ ನನಗೆ 'ಸೇಡಂ ಅಜ್ಜಿ' ಎಂದು ಹೆಸರಿಟ್ಟವಳೂ ಅವಳೇ. ತಿದ್ದುವ ಚಟ ನನಗೆ ಮೊದಲೇ ಇತ್ತಲ್ಲ!

ಹೋದ ಸೋಮವಾರದ ಎಪಿಸೋಡಿನಲ್ಲಿ, ಮನೆಯವರಿಗೆ ಬೇಡವಾದವನನ್ನು ಮದುವೆಯಾದ ಮಗಳು ಹೊರಟು ನಿಂತಳು. ತಾಯಿ ಉಡಿ ತುಂಬಲಿಲ್ಲ. ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಏನೂ ಇಲ್ಲದೆ ಬರಿ ಸೆರಗಿನಲ್ಲಿ ಕಳಿಸಿದಳು. ನಾನು ಬರೆದೆ: "ಕಥೆ ಬರೆದವರಿಗೆ ನಮ್ಮ ಕಡೆಯ ರೀತಿ ಗೊತ್ತಿಲ್ಲ. ಎಷ್ಟೇ ಸಿಟ್ಟಿದ್ದರೂ ನಮ್ಮ ತಾಯಂದಿರು ಮಗಳನ್ನು ಬರಿ ಉಡಿಯಲ್ಲಿ ಕಳಿಸುವುದಿಲ್ಲ." ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ! ಬರೆಯುವಾಗ ನಮ್ಮ ಮನೆಯ ಬಾಗಿಲು ನೆನಪಾಗಲಿಲ್ಲವೇ ಎಂದು ಕೇಳುತ್ತೀಯಾ? ನೆನಪಾಗಿತ್ತು. ಆದರೂ ಬರೆದೆ. ಮುನ್ನೂರು ಲೈಕ್ ಬಂದವು, ಹಿಗ್ಗಿದೆ ಕೂಡ.

ಮರುದಿನ ಅದರ ಕೆಳಗೆ ಒಂದು ಉತ್ತರ: "ಕಳಸ್ತಾರ್ರಿ ಅಜ್ಜಿ. ಆರು ವರ್ಷದ ಹಿಂದ ನಮ್ಮವ್ವ ನನಗ ಹಂಗೇ ಕಳಿಸ್ಯಾಳ. ನಮ್ಮಪ್ಪ ಬ್ಯಾಡ ಅಂದ್ರಂತ." ಪಕ್ಕದ ಚಿತ್ರದಲ್ಲಿ ಲುಂಬಿನಿಯನ್ನು ಎತ್ತಿಕೊಂಡು ನೀನು. ಈ ಅಜ್ಜಿ ಯಾರೆಂದು ತಿಳಿಯದೆ, ಹೆತ್ತವಳಿಗೆ 'ರಿ' ಹಚ್ಚಿ ಮಾತಾಡಿದ್ದೀ.

ಆಮೇಲೆ ಮುಗಿಬಿದ್ದರು ನೋಡು ಜನ. "ಎಂಥಾ ಅಪ್ಪ ರೀ ಆತ, ಕಲ್ಲು!" "ಅಂಥವನ ಮಾರಿ ನೋಡಬಾರದು." ಅದಕ್ಕೆ ನೀನು, "ನೋಡಲಿಲ್ರಿ. ಸತ್ತಾಗೂ ಹೋಗಲಿಲ್ಲ" ಎಂದು ಬರೆದೆ. ಮಾಘದಲ್ಲಿ ತೀರಿಕೊಂಡ ಮನುಷ್ಯನನ್ನು ಎಲ್ಲೆಲ್ಲಿಯವರೋ ಎಪ್ಪತ್ತು ಮಂದಿ ಬೈದಿದ್ದಾರೆ. ಓದಲಾಗದೆ ಮಹೆಕಳಿಗೆ, ನನ್ನ ಕಾಮೆಂಟ್ ಅಳಿಸಿಬಿಡು ಎಂದೆ. "ನಿಮ್ದು ಅಳಿಸಿದ್ರ ಕೆಳಗಿಂದೆಲ್ಲ ಹೋಗ್ತದ ಅಜ್ಜಿ. ಆ ಅಕ್ಕ ಬರದಿದ್ದೂ ಹೋಗ್ತದ. ಅಳಸ್ಲೇನು?" ಎಂದಳು. ಬೇಡ ಎಂದೆ. ಆರು ವರ್ಷದಲ್ಲಿ ನೀನು ನನಗೆ ಹೇಳಿದ ಮಾತು ಅದಿಷ್ಟೇ.

ಭಾಳ ದಣಿದಿದ್ದೇನೆ ಪದ್ಮಾ. ನಿಜ ಬೇರೆ ಇದೆ ಎಂದು ಅಲ್ಲೇ ಬರೆಯಲು ಕೂತೆ. ಅಷ್ಟು ಮಂದಿಯ ಎದುರು ಕೈ ಏಳಲಿಲ್ಲ. ನಿನಗೊಬ್ಬಳಿಗಾದರೂ ಅದನ್ನು ಹೇಳಬೇಕು. ಹೇಳಿದ ಮೇಲೆ ನೀನು ನನ್ನ ಮುಖ ನೋಡುತ್ತೀಯೋ ಇಲ್ಲವೋ ಎಂಬ ಹೆದರಿಕೆಗೇ ಇಷ್ಟು ಕಾಗದ ಹರಿದದ್ದು.

ಲುಂಬಿನಿ ಚಿತ್ರದಲ್ಲಿ ಥೇಟ್ ನಿನ್ನ ಹಾಗೇ ಹುಬ್ಬು ಗಂಟಿಕ್ಕಿದ್ದಾಳೆ. ಅವಳ ಕೆನ್ನೆಗೆ ನನ್ನದೊಂದು ಮುತ್ತು. ರತ್ನದೀಪನಿಗೂ ನನ್ನ ಆಶೀರ್ವಾದ ಹೇಳು, ಇದನ್ನು ಮೊದಲ ಸಲ ಬರೆಯುತ್ತಿದ್ದೇನೆ. ನಿಮ್ಮ ಸಂಸಾರ ತಣ್ಣಗಿರಲಿ.

ನಿನ್ನ ಅವ್ವ,
ಶಾರದಾಬಾಯಿ

ತಾ.ಕ.: ನಿಮ್ಮಪ್ಪ ಬೇಡ ಅನ್ನಲಿಲ್ಲ. ಅಕ್ಕಿ, ಕೊಬ್ಬರಿ ತಾವೇ ತಂದು ಕೈಗೆ ಕೊಟ್ಟು, "ತುಂಬು, ಮಗಳು ಹೊಂಟಾಳ" ಎಂದಿದ್ದರು. ಓಣಿಯ ಹೆಂಗಸರೆಲ್ಲ ಹೊರಗೆ ನಿಂತು ನೋಡುತ್ತಿದ್ದರು, ನನಗೆ ನಾಚಿಕೆಯಾಯಿತು. ಬರಿಗೈಯಲ್ಲಿ ಬಂದು, "ನಿಮ್ಮಪ್ಪ ಬ್ಯಾಡ ಅಂತಾರವ್ವ" ಎಂದವಳು ನಾನು. ಒಳಕೋಣೆಯಲ್ಲಿದ್ದ ಅವರಿಗೆ ಅದು ಕೇಳಿಸಿತ್ತು. ನೀನು ಹೋದ ಮೇಲೆ ಒಂದೇ ಮಾತು ಅಂದರು: "ಇರ್ಲಿ ಬಿಡು. ಸಿಟ್ಟು ನನ್ನ ಮ್ಯಾಲೇ ಇರ್ಲಿ. ನಿನ್ನ ಹತ್ರಾದ್ರೂ ಒಂದಿನ ಬಂದಾಳು."